ಬತ್ತಿದ ಕೆಚ್ಚಲಿಗೆ ದರವಿಲ್ಲ

ವರ್ತೂರು ಕೆರೆಗೂ ಸರ್ಜಾಪುರ ರಸ್ತೆಗೂ ನಡುವಿನ ಊರು ನಮ್ಮದು. 2007ರಲ್ಲಿ ಬಿಬಿಎಂಪಿಗೆ ಸೇರಿಸಿದ 110 ಹಳ್ಳಿಗಳಲ್ಲಿ ಅದೂ ಒಂದು. ಆಮೇಲೆ ಪಂಚಾಯಿತಿ ಹೋಯಿತು, ಗೋಮಾಳ ಹೋಯಿತು, ರಾಗಿ ಬೆಳೆಯುತ್ತಿದ್ದ ಹೊಲಗಳು ಒಂದೊಂದಾಗಿ ಲೇಔಟ್ ಆದವು. ಉಳಿದದ್ದು ಡೇರಿ. ಈಗಲೂ ಬೆಳಕು ಹರಿಯುವ ಹೊತ್ತಿಗೆ ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ನಾವು ಕೆಲವು ಮನೆಯವರು ಕ್ಯಾನು ಹಿಡಿದು ಸಾಲು ನಿಲ್ಲುತ್ತೇವೆ. ಅದೇ ರಸ್ತೆಯಲ್ಲಿ ಕಂಪನಿ ಬಸ್ಸಿಗೆ ಕಾಯುವ ಹುಡುಗ ಹುಡುಗಿಯರೂ ನಿಂತಿರುತ್ತಾರೆ.

ಮಾವನವರು ಇದ್ದಾಗ ನಾಲ್ಕು ಎಕರೆ ಇತ್ತಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅರ್ಧ ಹೋಗಿತ್ತು. ಈಗ ಇರುವುದು ಕೆರೆ ಕೆಳಗಿನ ಇಪ್ಪತ್ತು ಗುಂಟೆ. ಅದರ ಮೇಲೂ ನಮ್ಮ ಯಜಮಾನರಿಗೂ ಅವರ ಅಣ್ಣನಿಗೂ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ಭೂಮಿ ಬೆಲೆ ಏರಿದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮ ಕಡೆ ಬೀದಿಗೆ ನಾಲ್ಕಿವೆ. ಪಹಣಿ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲೇ ಇದೆ. ಈ ಮಾತನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ ಹಸು ಸತ್ತಾಗ ನಮ್ಮನ್ನು ಹೆಚ್ಚು ಕಾಡಿದ್ದು ಅದೇ ಪಹಣಿ.

ನಮ್ಮ ಯಜಮಾನರು ಸಾಲದ ಮೇಲೆ ಕಾರು ತಗೊಂಡು ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಗೆ ಕ್ಯಾಬ್ ಓಡಿಸುತ್ತಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಕಂಪನಿಯವರೆಲ್ಲ ಮನೆಯಿಂದಲೇ ಕೆಲಸ ಅಂದರು. ಕಂತು ಕಟ್ಟಲಾಗಲಿಲ್ಲ, ಫೈನಾನ್ಸ್‌ನವರು ಕಾರು ತೆಗೆದುಕೊಂಡು ಹೋದರು. ಅವರೀಗ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ಸೆಕ್ಯೂರಿಟಿ. ಆ ಎರಡು ವರ್ಷ ಮನೆಯನ್ನು ನಡೆಸಿದ್ದು ಕೊಟ್ಟಿಗೆ. ಗೌರಿ, ಚುಕ್ಕಿ, ಕೆಂಪಿ ಎಂಬ ಮೂರು ಹಾಲಿನ ಹಸು, ಒಂದು ಕಡಸು, ಒಂದು ಎಳೆಗರು. ಮಗಳ ಡಿಪ್ಲೊಮಾ ಫೀಸು, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ, ಅಂಗಡಿ ಬಾಕಿ, ಎಲ್ಲ ಡೇರಿ ಬಟವಾಡೆಯಿಂದಲೇ. ಹಸು ಸಾಕುವ ಮನೆಗೆ ಹಸು ಎಂದರೆ ಪೆಟ್ಟಿಗೆಯಲ್ಲಿಟ್ಟ ಒಡವೆಯಲ್ಲ. ದಿನಕ್ಕೆ ಎರಡು ಸಲ ಅದು ಕೊಡುವ ಹಾಲು, ಆ ಹಾಲು ತರುವ ಬಟವಾಡೆ, ಅದೇ ಹಸು. ಸರ್ಕಾರದ ಪರಿಹಾರದ ಲೆಕ್ಕದಲ್ಲಿ ಈ ಮಾತಿಗೆ ಎಲ್ಲೂ ಜಾಗವಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

2022ರ ಆಗಸ್ಟ್ ಕೊನೆಗೇ ಮಳೆ ಜೋರಾಗಿತ್ತು. ಗಣೇಶನ ಹಬ್ಬ ಮುಗಿದು ನಾಲ್ಕು ದಿನವಾಗಿತ್ತು. ಸೆಪ್ಟೆಂಬರ್ 4, ಭಾನುವಾರ ರಾತ್ರಿ ಬೆಂಗಳೂರಿನಲ್ಲಿ 130 ಮಿಲಿಮೀಟರ್‌ಗೂ ಹೆಚ್ಚು ಮಳೆ ಬಿತ್ತು. ಬೆಳ್ಳಂದೂರು ಕೆರೆ ತುಂಬಿದರೆ ನೀರು ವರ್ತೂರು ಕೆರೆಗೆ ಬರುತ್ತದೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಮಾವನವರ ಕಾಲದಲ್ಲಿ ಆ ನೀರಿಗೆ ಕಾಲುವೆ ಇತ್ತು, ಕಾಲುವೆಯ ಎರಡೂ ಮಗ್ಗುಲಲ್ಲಿ ಗದ್ದೆ ಇತ್ತು, ಉಕ್ಕಿದರೆ ಗದ್ದೆಯಲ್ಲಿ ನಿಲ್ಲುತ್ತಿತ್ತು. ಈಗ ಕಾಲುವೆಯ ಅಗಲ ಕುಗ್ಗಿದೆ, ಗದ್ದೆಯ ಜಾಗದಲ್ಲಿ ಕಾಂಪೌಂಡುಗಳಿವೆ. ನೀರು ನಮ್ಮ ಕೊಟ್ಟಿಗೆಗೆ ಬಂತು.

ರಾತ್ರಿ ಎರಡು ಗಂಟೆ ಇರಬಹುದು, ಗೌರಿ ಕೂಗಿದ್ದು ಕೇಳಿ ಎದ್ದೆ. ಯಜಮಾನರು ಪಾಳಿಗೆ ಹೋಗಿದ್ದರು. ಬಾಗಿಲು ತೆಗೆದರೆ ಹೊಸಿಲಿನವರೆಗೂ ಕಪ್ಪು ನೀರು, ಮೋರಿ ವಾಸನೆ. ಕರೆಂಟ್ ಇರಲಿಲ್ಲ. ಮಗಳು ಮೊಬೈಲ್ ಬೆಳಕು ಹಿಡಿದಳು, ನಾನು ಮೊಣಕಾಲುದ್ದ ನೀರಿನಲ್ಲಿ ಇಳಿದು ಹಗ್ಗ ಬಿಚ್ಚಿದೆ. ಒದ್ದೆ ಹಗ್ಗದ ಗಂಟು ಬೇಗ ಬಿಚ್ಚಲು ಬರುವುದಿಲ್ಲ. ಗೌರಿಯದು, ಚುಕ್ಕಿಯದು ಬಿಚ್ಚಿದೆ, ಕೆಂಪಿಯ ಹಗ್ಗವನ್ನು ಕುಡುಗೋಲಿನಿಂದ ಕೊಯ್ದೆ. ಹಿಡಿದೆಳೆದು ರಸ್ತೆಯ ದಿಬ್ಬಕ್ಕೆ ಹತ್ತಿಸಿದೆವು. ಕಡಸು ತಾನೇ ಹಿಂದೆ ಬಂತು. ಕರುವನ್ನು ತಾಯಿ ಹಾಲು ಕುಡಿದುಬಿಡುತ್ತದೆಂದು ಆಚೆ ಮೂಲೆಯಲ್ಲಿ ಬೇರೆ ಕಟ್ಟುತ್ತೇವೆ, ಎಲ್ಲರ ಮನೆಯಲ್ಲೂ ಹಾಗೇ. ಆ ಮೂಲೆ ತಗ್ಗು. ಕರುವಿನ ಹತ್ತಿರ ಹೋಗುವಷ್ಟರಲ್ಲಿ ಅದು ಹೋಗಿತ್ತು. ಚುಕ್ಕಿಯ ಕರು, ಹೆಣ್ಣು ಕರು.

ಮಾರನೇ ದಿನ ಟಿವಿ ತುಂಬ ನಮ್ಮ ಕಡೆಯದೇ ಸುದ್ದಿ. ಯಮಲೂರಿನಲ್ಲಿ ಐಟಿ ನೌಕರರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ದಾಟಿಸಿದರು, ದೊಡ್ಡ ದೊಡ್ಡ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಕರೆತಂದರು. ಮಹದೇವಪುರ ವಲಯವೇ ಹೆಚ್ಚು ಮುಳುಗಿದ್ದು. ಅದಕ್ಕೂ ಮುಂಚೆ, ಆಗಸ್ಟ್ 30ರ ಮಳೆಯ ಬಗ್ಗೆ ಹೊರವರ್ತುಲ ರಸ್ತೆಯ ಕಂಪನಿಗಳ ಸಂಘದವರು ಮುಖ್ಯಮಂತ್ರಿಗೆ ಪತ್ರ ಬರೆದು, ನೌಕರರು ಗಂಟೆಗಟ್ಟಲೆ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರಿಂದ ಆ ಒಂದು ದಿನಕ್ಕೆ 225 ಕೋಟಿ ರೂಪಾಯಿ ನಷ್ಟವಾಯಿತು ಎಂದು ತಿಳಿಸಿದ್ದರು. ಅದನ್ನು ಪೇಪರಿನಲ್ಲಿ ಓದಿದಾಗ ನನಗೆ ಬೇಜಾರಾಗಲಿಲ್ಲ. ಕೆಲಸ ನಿಂತರೆ ನಷ್ಟ, ಅದು ನಿಜವೇ. ಅದಕ್ಕೆ ಯಾರೂ ಸಾಯಬೇಕಿರಲಿಲ್ಲ, ಏನೂ ಒಡೆಯಬೇಕಿರಲಿಲ್ಲ, ಆಗದೇ ಹೋದ ಕೆಲಸಕ್ಕೇ ಲೆಕ್ಕ ಹಾಕಿದ್ದರು. ಆ ಲೆಕ್ಕದ ರೀತಿ ನನ್ನ ತಲೆಯಲ್ಲಿ ಉಳಿದುಕೊಂಡಿತು.

ನೆರೆಯಲ್ಲಿ ದನಕರು ಸತ್ತರೆ ಪರಿಹಾರ ಉಂಟು. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರದ ದರಪಟ್ಟಿ ಇದೆ. ಆ ಅಕ್ಟೋಬರ್‌ನಲ್ಲಿ ಪರಿಷ್ಕರಿಸುವ ಮುಂಚೆ ಹಾಲು ಕೊಡುವ ಹಸು, ಎಮ್ಮೆಗೆ 30,000 ರೂಪಾಯಿ, ಕರುವಿಗೆ 16,000 ಇತ್ತು. ಪರಿಷ್ಕರಿಸಿದ ಮೇಲೆ 37,500 ಮತ್ತು 20,000 ಆಯಿತು. ಒಂದು ಮನೆಗೆ ಮೂರು ಹಾಲಿನ ಹಸುವಿನವರೆಗೆ ಕೊಡುತ್ತಾರೆ. ಆದರೆ ಸತ್ತದ್ದು ನೆರೆಯಿಂದಲೇ ಎಂದು ಮಹಜರು ಆಗಬೇಕು, ಡಾಕ್ಟರ ಸರ್ಟಿಫಿಕೇಟ್ ಬೇಕು. ಮಹಜರಿಗೆ ಕಂದಾಯದವರು ಬರಬೇಕು. ಅವರೆಲ್ಲ ಆ ವಾರ ಮುಳುಗಿದ ಮನೆಗಳ ಲೆಕ್ಕದಲ್ಲಿದ್ದರು, ಫೋನ್ ಮಾಡಿದರೆ "ಬರ್ತೀವಮ್ಮ, ಇಟ್ಕೊಂಡಿರಿ" ಅಂದರು. ನೀರಿನಲ್ಲಿ ಸತ್ತ ಕರುವನ್ನು ಎಷ್ಟು ಹೊತ್ತು ಇಟ್ಟುಕೊಂಡಿರಲು ಆಗುತ್ತದೆ? ಹೊಟ್ಟೆ ಊದಿಕೊಂಡಿತು. ಚುಕ್ಕಿ ಅದನ್ನು ನೆಕ್ಕಿ ನೆಕ್ಕಿ ಕೂಗುತ್ತಿತ್ತು. ಅತ್ತೆ "ಅದನ್ನ ಮಣ್ಣು ಮಾಡ್ರೇ, ತಾಯಿ ಕಣ್ಣೆದುರಿಗೆ ಬೇಡ" ಅಂದರು. ಮಣ್ಣು ಮಾಡಿದೆವು. ಮೊಬೈಲಿನಲ್ಲಿ ತೆಗೆದ ಫೋಟೊ ಇತ್ತು. ಎಳೆಗರುವಾದ್ದರಿಂದ ಗುರುತಿನ ನಂಬರಿನ ಕಿವಿ ಓಲೆ ಇನ್ನೂ ಹಾಕಿರಲಿಲ್ಲ. ಓಲೆ ಇಲ್ಲದ, ಮಹಜರಿಲ್ಲದ ಕರು ನಮ್ಮದೇ ಎಂಬುದಕ್ಕೆ ಏನು ದಾಖಲೆ ಎಂದು ಕೇಳಿದರು. ಅಲ್ಲಿಗೆ ಆ ಅರ್ಜಿ ಮುಗಿಯಿತು.

ನೀರು ಇಳಿದ ಮೇಲೆ ಸೊಳ್ಳೆ, ನೊಣ, ಉಣ್ಣೆ ಹೇಳತೀರದು. ಅದರ ಬೆನ್ನಿಗೇ ಚರ್ಮಗಂಟು ರೋಗ ಬಂತು. ಆ ವರ್ಷ ರಾಜಸ್ಥಾನ, ಗುಜರಾತಿನಲ್ಲಿ ಹಸುಗಳು ಸಾಯುತ್ತಿದ್ದುದನ್ನು ಟಿವಿಯಲ್ಲಿ ನೋಡಿದ್ದೆವು. ದೂರದ ಸಂಗತಿ ಅಂದುಕೊಂಡಿದ್ದೆವು. ಕೋಲಾರದ ಕಡೆ ಬಂತಂತೆ, ಹೊಸಕೋಟೆಗೆ ಬಂತಂತೆ ಎನ್ನುತ್ತಿದ್ದಂತೆ ನಮ್ಮ ಹಿಂದಿನ ಬೀದಿಯ ಹಸುವಿಗೆ ಬಂತು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ವೈರಾಣು ಅದು, ಮನುಷ್ಯರಿಗೆ ಬರುವುದಿಲ್ಲ ಎಂದು ಪಶು ಆಸ್ಪತ್ರೆಯ ಡಾಕ್ಟರು ಡೇರಿಗೆ ಬಂದು ತಿಳಿಸಿಹೇಳಿದರು. ಅದನ್ನು ಹೇಳುವ ಅಗತ್ಯವೂ ಇತ್ತು. ಮನೆಮನೆಗೆ ಹಾಲು ಹಾಕಿಸಿಕೊಳ್ಳುತ್ತಿದ್ದ ಲೇಔಟಿನವರು ಸ್ವಲ್ಪ ದಿನ ಬೇಡ ಅಂದಿದ್ದರು. ಮೇಕೆ ಸಿಡುಬಿನ ಲಸಿಕೆಯನ್ನೇ ಆಗ ಹಸುಗಳಿಗೆ ಕೊಡುತ್ತಿದ್ದರು, ಅದೂ ರೋಗ ಬಾರದ ಹಸುಗಳಿಗೆ ಮಾತ್ರ. ಡಾಕ್ಟರು ಒಬ್ಬರೇ, ಅವರಿಗೆ ಸೇರಿದ ಊರುಗಳು ಹಲವು. ನಮ್ಮ ಬೀದಿಗೆ ಅವರು ಬರುವಷ್ಟರಲ್ಲಿ ಗೌರಿಗೂ ಚುಕ್ಕಿಗೂ ಜ್ವರ ಬಂದಾಗಿತ್ತು. ಕೆಂಪಿಗೆ, ಕಡಸಿಗೆ ಲಸಿಕೆ ಹಾಕಿದರು. ಆ ಎರಡೂ ಉಳಿದುಕೊಂಡವು.

ಮೊದಲ ದಿನ ಗೌರಿ ಬೂಸಾ ಮುಟ್ಟಲಿಲ್ಲ. ಮೂಗಿನಲ್ಲಿ ನೀರು, ಬಾಯಲ್ಲಿ ಜೊಲ್ಲು. ಮಾರನೆಯ ದಿನ ಕತ್ತಿನ ಮೇಲೆ ಕೈಯಾಡಿಸಿದರೆ ಚರ್ಮದ ಕೆಳಗೆ ಗೋಲಿಯಷ್ಟು ಗಂಟುಗಳು ಸಿಕ್ಕಿದವು. ಎರಡು ದಿನದಲ್ಲಿ ಮೈಯೆಲ್ಲ ಗಂಟು, ಕೆಚ್ಚಲಿನ ಮೇಲೂ ಗಂಟು. ಗಂಗೆದೊಗಲು ನೀರು ತುಂಬಿ ಜೋತಾಡಿತು, ಮುಂಗಾಲು ಊದಿ ಮಲಗಲೂ ಆಗದೆ ನಿಂತೇ ಇತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಜೊತೆಗೆ ವೀಳ್ಯದೆಲೆ, ಮೆಣಸು, ಉಪ್ಪು ಅರೆದು ಬೆಲ್ಲ ಸೇರಿಸಿ ನಾಲಿಗೆಗೆ ತಿಕ್ಕಲು ಹೇಳಿದರು. ಹೈನು ಅಭಿವೃದ್ಧಿ ಮಂಡಳಿಯವರು ತಿಳಿಸಿದ ಔಷಧಿಯಂತೆ. ಗಂಟು ಒಡೆದ ಕಡೆ ಅರಿಸಿನ, ಬೇವು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಮೂರು ಹೊತ್ತೂ ಮಾಡಿದೆವು. ಅತ್ತೆ ಕೊಟ್ಟಿಗೆ ಬಾಗಿಲಲ್ಲೇ ಕೂತು ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದರು. ಹೊಗೆ ಆರಿದ ಕೂಡಲೇ ನೊಣ ಹುಣ್ಣಿಗೆ ಮುತ್ತುತ್ತಿತ್ತು. ನಾನು ಒಂದು ಹಳೇ ಸೊಳ್ಳೆಪರದೆಯನ್ನು ಹರಿದು ಗೌರಿಯ ಬೆನ್ನಿಗೆ ಹೊದಿಸಿದೆ. ಕೊನೆಗೆ ಉಸಿರಾಟ ಕೆಟ್ಟಿತು. ನವೆಂಬರ್ ಮೊದಲ ವಾರ, ಬೆಳಗಿನ ಜಾವ, ಹಾಲು ಕರೆಯುವ ಹೊತ್ತಿಗೆ ಸತ್ತಿತು.

ಈ ಸಲ ಏನು ಮಾಡಬೇಕೆಂಬುದು ಗೊತ್ತಿತ್ತು. ಮುಟ್ಟಲಿಲ್ಲ, ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಹೊತ್ತು ಏರುವ ಮುಂಚೆಯೇ ಬಂದರು. ಆ ದಿನ ಅವರಿಗೆ ಅದು ಮೊದಲ ಸಾವೂ ಆಗಿರಲಿಲ್ಲ, ಕಣ್ಣು ಕೆಂಪಾಗಿತ್ತು. ಗೌರಿಯ ಬಲಗಿವಿಯಲ್ಲಿ ಹಳದಿ ಓಲೆ, ಅದರ ಮೇಲೆ ಹನ್ನೆರಡು ಅಂಕಿ. ಸಗಣಿ ಮೆತ್ತಿ ಕಾಣುತ್ತಿರಲಿಲ್ಲ. ನಾನು ನೀರು ಹಾಕಿ ಹೆಬ್ಬೆರಳಿನಿಂದ ಉಜ್ಜಿದೆ. ಅವರು ಒಂದೊಂದೇ ಅಂಕಿಯನ್ನು ಜೋರಾಗಿ ಓದಿದರು, ಅವರ ಸಹಾಯಕ ಬರೆದುಕೊಂಡ. ಓಲೆ ಕಾಣುವ ಹಾಗೆ ಫೋಟೊ, ನಾನು ಪಕ್ಕದಲ್ಲಿ ನಿಂತು ಇನ್ನೊಂದು ಫೋಟೊ. ಅಷ್ಟು ವರ್ಷ ಕೈಯಾರೆ ಮೇವು ಹಾಕಿದ ಹಸುವಿನ ಹೆಣದ ಪಕ್ಕ ಫೋಟೊಗೆ ನಿಲ್ಲುವ ಕಷ್ಟವನ್ನು ಹೇಗೆ ಹೇಳಬೇಕೋ ನನಗೆ ತಿಳಿಯದು. ಡಾಕ್ಟರು "ಅಮ್ಮಾ, ತಲೆ ಎತ್ತಿ, ಮುಖ ಕಾಣ್ಬೇಕು. ಇಲ್ದಿದ್ರೆ ವಾಪಸ್ ಕಳಿಸ್ತಾರೆ" ಅಂದರು. ಗಟ್ಟಿಯಾಗಿ ಹೇಳಲಿಲ್ಲ.

ಹೂಳುವುದು ಎಲ್ಲಿ? ರೋಗದಿಂದ ಸತ್ತ ಹಸುವನ್ನು ಆಳವಾಗಿ ಗುಂಡಿ ತೋಡಿ ಸುಣ್ಣ, ಉಪ್ಪು ಹಾಕಿ ಮುಚ್ಚಬೇಕು. ಮೊದಲು ಗೋಮಾಳದ ಅಂಚಿನಲ್ಲಿ ಅದಕ್ಕೆಂದೇ ಜಾಗ ಇತ್ತು. ಅಲ್ಲೀಗ ಲೇಔಟಿನ ಪಾರ್ಕು ಇದೆ. ರಸ್ತೆ ಬದಿಯ ಖಾಲಿ ಸೈಟಿಗೆ ಜೆಸಿಬಿ ತಂದರೆ ಅಕ್ಕಪಕ್ಕದವರು ಬಂದು ತಡೆದರು, ಬೋರ್‌ವೆಲ್ ನೀರು ಕೆಡುತ್ತದೆ ಅಂದರು. ಮಕ್ಕಳಿರುವ ಮನೆಯವರು, ಅವರ ಭಯ ಸುಳ್ಳಲ್ಲ. ಜೆಸಿಬಿಯವನು ಗಂಟೆ ಲೆಕ್ಕದಲ್ಲಿ ಬಾಡಿಗೆ ಎಣಿಸುತ್ತ ನಿಂತಿದ್ದ. ಉಳಿದದ್ದು ಕೇಸಿನಲ್ಲಿದ್ದ ಇಪ್ಪತ್ತು ಗುಂಟೆ. ಅದಕ್ಕೆ ಯಥಾಸ್ಥಿತಿ ಆದೇಶವಿದೆ, ಯಾರೂ ಒಂದು ಗುದ್ದಲಿ ಮಣ್ಣು ಎತ್ತುವಂತಿಲ್ಲ. ಯಜಮಾನರು ಅಣ್ಣನ ಮನೆ ಬಾಗಿಲಿಗೆ ಹೋಗಲು ಒಪ್ಪಲಿಲ್ಲ. ನಾನೇ ಹೋದೆ. ಭಾವನವರು ಜಗಲಿ ಮೇಲೆ ಕೂತಿದ್ದರು. ಎಷ್ಟೋ ವರ್ಷದಿಂದ ನನ್ನೊಡನೆ ಮಾತಾಡದವರು ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. "ಗೌರಿ ನಮ್ಮವ್ವನ ಹಸೀನ ಮಗಳಲ್ವೇನಮ್ಮಾ. ಅಗೆಸ್ರಿ. ಕೋರ್ಟಿಗೆ ನಾನು ಹೇಳ್ಕೋತೀನಿ" ಅಂದರು. ಆಮೇಲೆ ಅವರೇ ಸ್ಕೂಟರಿನ ಮುಂದೆ ಎರಡು ಮೂಟೆ ಕಲ್ಲುಪ್ಪು ಇಟ್ಟುಕೊಂಡು ಬಂದು, ಗುಂಡಿ ಮುಚ್ಚುವವರೆಗೂ ನಿಂತಿದ್ದರು. ತಮ್ಮನ ಹತ್ತಿರ ಆ ದಿನವೂ ಮಾತಾಡಲಿಲ್ಲ. ಕೇಸು ಇನ್ನೂ ನಡೆಯುತ್ತಿದೆ.

ಪರಿಹಾರದ ವಿಷಯಕ್ಕೆ ಬರುತ್ತೇನೆ. ಚರ್ಮಗಂಟು ರೋಗದಿಂದ ಸತ್ತರೆ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಎಂದು ರಾಜ್ಯ ಸರ್ಕಾರ ಘೋಷಿಸಿತ್ತು. ಘೋಷಿಸಿದ್ದು ಒಳ್ಳೆಯದೇ. ಆದರೆ ಅದೇ ಗೌರಿ ಎರಡು ತಿಂಗಳ ಹಿಂದೆ ನೀರಿನಲ್ಲಿ ಮುಳುಗಿ ಸತ್ತಿದ್ದರೆ ವಿಪತ್ತಿನ ದರ ಸಿಗುತ್ತಿತ್ತು, ರೋಗದಿಂದ ಸತ್ತದ್ದಕ್ಕೆ ಬೇರೆ ದರ. ಕೇಂದ್ರದ ಪಟ್ಟಿಯಲ್ಲಿ ಬರ, ನೆರೆ, ಭೂಕಂಪ, ಆಲಿಕಲ್ಲು, ಬೆಂಕಿ, ಬೆಳೆಗೆ ಬೀಳುವ ಕೀಟ, ಶೀತಗಾಳಿ ಎಲ್ಲ ವಿಪತ್ತು. ದನಕ್ಕೆ ಬರುವ ಸಾಂಕ್ರಾಮಿಕ ಅದರಲ್ಲಿಲ್ಲ. ಕೆರೆ ಉಕ್ಕಿ, ನೀರು ನಿಂತು, ನೊಣ ಸೊಳ್ಳೆ ಹೆಚ್ಚಿ, ಅದರ ಮೇಲೆ ರೋಗ ಬಂದು ಹಸು ಸತ್ತ ಮನೆಗೆ ಇವೆರಡನ್ನೂ ಬೇರೆ ಮಾಡಿ ನೋಡುವುದು ಸಾಧ್ಯವೇ? ಅದೇ ವರ್ಷ ಮಹಾರಾಷ್ಟ್ರ ಸರ್ಕಾರ ಇದೇ ರೋಗಕ್ಕೆ ಹಾಲಿನ ಹಸುವಿಗೆ 30,000, ಎತ್ತಿಗೆ 25,000, ಕರುವಿಗೆ 16,000 ಕೊಟ್ಟಿತು. ಅದು ಆಗಿನ ವಿಪತ್ತು ಪರಿಹಾರದ ದರವೇ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗೌರಿಯಂಥ ಎರಡನೇ ಕರುವಿನ ಎಚ್‌ಎಫ್ ಹಸು ಚಿಂತಾಮಣಿ ಕಡೆಯಿಂದ ತರಬೇಕಾದರೆ ಆಗ ಎಂಬತ್ತು ಸಾವಿರಕ್ಕೆ ಕಡಿಮೆ ಇರಲಿಲ್ಲ.

ಅರ್ಜಿಗೆ ಎಫ್‌ಐಡಿ ಬೇಕು ಅಂದರು. ರೈತರ ಹೆಸರು, ಪಹಣಿ, ಆಧಾರ್, ಬ್ಯಾಂಕು ಎಲ್ಲ ಸೇರಿಸಿ ಫ್ರೂಟ್ಸ್ ತಂತ್ರಾಂಶದಲ್ಲಿ ಕೊಡುವ ನಂಬರು ಅದು. ಪಹಣಿ ಮಾವನವರ ಹೆಸರಿನಲ್ಲಿ. ಅದನ್ನು ನಮ್ಮ ಹೆಸರಿಗೆ ಮಾಡಿಸಲು ಪೌತಿ ಖಾತೆ ಆಗಬೇಕು, ಪೌತಿ ಖಾತೆಗೆ ಎಲ್ಲ ವಾರಸುದಾರರ ಒಪ್ಪಿಗೆ ಬೇಕು, ಒಪ್ಪಿಗೆ ಆಗುವ ಹಾಗಿದ್ದರೆ ಕೇಸೇ ಇರುತ್ತಿರಲಿಲ್ಲ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು. "ಜಮೀನು ಇಲ್ದೋರು ರೈತರು ಹೆಂಗಾಗ್ತೀರಮ್ಮಾ?" ಎಂದು ಒಬ್ಬರು ಕೇಳಿದರು. ಬೈದದ್ದಲ್ಲ, ನಿಜವಾಗಿ ಅವರಿಗೆ ಅರ್ಥವಾಗದೆ ಕೇಳಿದ್ದು. ಬೆಂಗಳೂರಿನ ಸುತ್ತ ಜಮೀನು ಹೋಗಿ ಹಸು ಉಳಿಸಿಕೊಂಡವರು ಎಷ್ಟೊಂದು ಜನ ಇದ್ದೇವೆ! ವೈಟ್‌ಫೀಲ್ಡ್ ಹಿಂದೆ, ಆನೇಕಲ್ ಕಡೆ, ಎಲೆಕ್ಟ್ರಾನಿಕ್ ಸಿಟಿಯ ಆಚೆ, ಯಾರದೋ ಖಾಲಿ ಸೈಟಿನ ಹುಲ್ಲು ಕೊಯ್ದು, ಮಾರುಕಟ್ಟೆಯಲ್ಲಿ ಉಳಿದ ಎಲೆಕೋಸಿನ ಸಿಪ್ಪೆ ತಂದು, ತಮಿಳುನಾಡಿನಿಂದ ಬರುವ ಹುಲ್ಲನ್ನು ದುಡ್ಡು ಕೊಟ್ಟು ಕೊಂಡು ಹಾಲು ಕರೆಯುತ್ತಿದ್ದೇವೆ. ನಮಗೆ ಪಹಣಿ ಇಲ್ಲ, ಕೊಟ್ಟಿಗೆ ಇದೆ.

ಕೊನೆಗೆ ದಾರಿ ತೋರಿಸಿದವರು ಅದೇ ಡಾಕ್ಟರು. ಜಮೀನಿಲ್ಲದ ಹೈನುಗಾರರನ್ನೂ ತಂತ್ರಾಂಶದಲ್ಲಿ ಸೇರಿಸಲು ಅವಕಾಶ ಇದೆ, ಡೇರಿಯ ಸದಸ್ಯತ್ವದ ಪತ್ರ ತನ್ನಿ ಅಂದರು. ಸಂಘದ ಕಾರ್ಯದರ್ಶಿ ಅದೇ ದಿನ ಬರೆದುಕೊಟ್ಟರು. ಡಾಕ್ಟರು ಲಸಿಕೆ ಹಾಕಿ ದಣಿದು ಬಂದ ಸಂಜೆ ತಮ್ಮ ಲ್ಯಾಪ್‌ಟಾಪಿನಲ್ಲೇ ನನ್ನ ಹೆಸರು ಏರಿಸಿದರು. ಇಂಥವರಿಂದಲೇ ನಮ್ಮಂಥವರ ಕೆಲಸ ನಡೆಯುವುದು. ಆದರೆ ಈ ಅವಕಾಶ ಇದೆಯೆಂದು ಮೊದಲ ದಿನ ಯಾವ ಕಿಟಕಿಯಲ್ಲೂ ಯಾರೂ ಹೇಳಲಿಲ್ಲ. ನಮ್ಮ ಹಿಂದಿನ ಬೀದಿಯವರು ಪಹಣಿ ಎಂದ ಕೂಡಲೇ ಅರ್ಜಿಯನ್ನೇ ಬಿಟ್ಟಿದ್ದರು. ಅವರದು ಎರಡು ಹಸು ಹೋಗಿತ್ತು.

ಸಂಕ್ರಾಂತಿ ಬಂತು. ನಮ್ಮ ಕಡೆ ಹಸುಗಳಿಗೆ ಅದೇ ದೊಡ್ಡ ಹಬ್ಬ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತೇವೆ. ಆ ವರ್ಷ ರೋಗದ ಕಾರಣಕ್ಕೆ ಜಾತ್ರೆ, ಸಂತೆಗಳನ್ನು ನಿಲ್ಲಿಸಿದ್ದರು. ನಮ್ಮೂರಿನಲ್ಲಿ ಕಿಚ್ಚೂ ಹಾಕಲಿಲ್ಲ. ದುಡ್ಡು ಬಂದಿರಲಿಲ್ಲ. ಯುಗಾದಿ ಆಯಿತು, ಮಾರ್ಚ್ ಕೊನೆಯಲ್ಲಿ ಚುನಾವಣೆ ಘೋಷಣೆಯಾಯಿತು, ಕಚೇರಿಯಲ್ಲಿ ಯಾರನ್ನು ಕೇಳಿದರೂ ಎಲೆಕ್ಷನ್ ಡ್ಯೂಟಿ. ಮೇ ತಿಂಗಳಲ್ಲಿ ಮತ ಎಣಿಕೆಯಾಗಿ ಹೊಸ ಸರ್ಕಾರ ಬಂದ ಮೇಲೆ ವಿಚಾರಿಸಿದರೆ, ನಿಮ್ಮ ಹಣ ಎಂದೋ ಜಮಾ ಆಗಿದೆ ಅಂದರು. ಡೇರಿ ದುಡ್ಡು ಬರುವ ಪಾಸ್‌ಬುಕ್ಕಿನಲ್ಲಿ ಏನೂ ಇರಲಿಲ್ಲ. ಬಹಳ ಹಿಂದೆ ನಾನು ಗಾರ್ಮೆಂಟ್ಸಿಗೆ ಹೋಗುತ್ತಿದ್ದಾಗ ಫ್ಯಾಕ್ಟರಿಯವರು ಸಂಬಳಕ್ಕೆಂದು ಒಂದು ಖಾತೆ ತೆರೆಸಿದ್ದರು. ಆಧಾರ್ ಅದಕ್ಕೇ ಜೋಡಣೆಯಾಗಿ ಉಳಿದಿತ್ತು. ಆ ಬ್ಯಾಂಕೂ ಇನ್ನೊಂದರಲ್ಲಿ ವಿಲೀನವಾಗಿ, ಹಳೆಯ ಶಾಖೆ ಮುಚ್ಚಿತ್ತು. ಮಗಳು ನನ್ನ ಜೊತೆ ಬಂದು ಓಡಾಡಿ ಆ ಖಾತೆಗೆ ಜೀವ ಬರಿಸಿದಳು. 20,000 ರೂಪಾಯಿ ಅಲ್ಲೇ ಇತ್ತು. ಅಷ್ಟರಲ್ಲಿ ನನ್ನ ಕಿವಿಯ ಓಲೆ ಅಡವಿಗೆ ಹೋಗಿ, ಅದರ ಬಡ್ಡಿಯೇ ದೊಡ್ಡದಾಗಿತ್ತು. ಬಂದ ದುಡ್ಡು ಹಸುವಾಗಲಿಲ್ಲ, ಸಾಲಕ್ಕೆ ಹೋಯಿತು.

ಇಷ್ಟು ಸತ್ತ ಹಸುವಿನ ವಿಷಯ. ನನಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದು ಬದುಕಿದ ಚುಕ್ಕಿಯ ಬಗ್ಗೆ.

ಚುಕ್ಕಿ ಸಾಯಲಿಲ್ಲ. ಆದರೆ ಗಂಟು ಎದ್ದ ವಾರದಲ್ಲೇ ಹಾಲು ಹೊತ್ತಿಗೆ ಏಳು ಲೀಟರಿನಿಂದ ಎರಡಕ್ಕೆ ಇಳಿಯಿತು. ಕೆಚ್ಚಲ ಮೇಲಿನ ಗಂಟು ಒಡೆದು ಹುಣ್ಣಾಗಿ, ಮುಟ್ಟಿದರೆ ಒದೆಯುತ್ತಿತ್ತು. ಆಮೇಲೆ ಕೆಚ್ಚಲು ಬಾವು ಬಂದು ಎರಡು ಮೊಲೆ ಹೋದವು. ತಿಂಗಳಾದ ಮೇಲೆ ಪೂರ್ತಿ ಬತ್ತಿತು. ಮತ್ತೆ ಬೆದೆಗೆ ಬರಲು ವರ್ಷ ಹಿಡಿಯಿತು, ಗಬ್ಬ ನಿಂತದ್ದು ಕಂದು ಹಾಕಿತು. ಆ ಅಷ್ಟೂ ಕಾಲ ಅದಕ್ಕೆ ಹುಲ್ಲು ಬೇಕು, ಬೂಸಾ ಬೇಕು, ಔಷಧಿ ಬೇಕು. ಸತ್ತ ಗೌರಿಗಿಂತ ಬದುಕಿದ ಚುಕ್ಕಿಗೆ ನಮಗೆ ಹೆಚ್ಚು ಖರ್ಚಾಯಿತು. ಗೌರಿಗೆ ಇಪ್ಪತ್ತು ಸಾವಿರವಾದರೂ ಬಂತು. ಚುಕ್ಕಿಗೆ ಒಂದು ರೂಪಾಯಿಯೂ ಇಲ್ಲ, ಕೇಳಲು ಅರ್ಜಿಯ ನಮೂನೆಯೂ ಇಲ್ಲ. ಸರ್ಕಾರ ಆಗ ಲೀಟರಿಗೆ ಕೊಡುತ್ತಿದ್ದ 5 ರೂಪಾಯಿ ಪ್ರೋತ್ಸಾಹಧನವೂ ಹಾಲು ಹಾಕಿದರೆ ಮಾತ್ರ. ಅಂದರೆ ಕಷ್ಟ ಬಂದ ತಿಂಗಳೇ ಅದೂ ನಿಂತಿತು. 2021ರಲ್ಲಿ ಗೋಹತ್ಯೆ ತಡೆ ಕಾಯ್ದೆ ಜಾರಿಗೆ ಬಂದ ಮೇಲೆ ಬತ್ತಿದ ಹಸುವನ್ನು ಕೊಳ್ಳುವವರೂ ಇಲ್ಲ. ಚುಕ್ಕಿಯನ್ನು ಮಾರುವ ಮನಸ್ಸು ನಮಗೂ ಇರಲಿಲ್ಲ. ಆದರೆ ಕೊಲ್ಲಬಾರದು ಎಂದು ಕಾನೂನು ಹೇಳಿದ ಮೇಲೆ, ಸಾಕುವ ಮನೆಯಲ್ಲಿ ಹಿಟ್ಟು ಬೇಯುತ್ತಿದೆಯೇ ಎಂದು ವಿಚಾರಿಸುವುದೂ ಅದೇ ಸರ್ಕಾರದ ಕೆಲಸವಾಗಬೇಕು.

ನನ್ನ ತಮ್ಮನ ಮಗ ಐಟಿಪಿಎಲ್‌ನಲ್ಲಿ ಕೆಲಸಕ್ಕಿದ್ದಾನೆ. ಅಮೆರಿಕದಲ್ಲಿ ಹೇಗೆ ಎಂದು ಅವನು ಹುಡುಕಿ ಓದಿ ಹೇಳಿದ. ಅಲ್ಲಿ ಬಿರುಗಾಳಿ, ಹಿಮ, ನೆರೆಯಿಂದ ದನ ಸತ್ತರೆ ಮಾರುಕಟ್ಟೆ ಬೆಲೆಯ ನೂರಕ್ಕೆ 75ರಷ್ಟನ್ನು ಸರ್ಕಾರ ಕೊಡುತ್ತದಂತೆ. ಪೆಟ್ಟಾಗಿ ಕಡಿಮೆ ಬೆಲೆಗೆ ಮಾರಬೇಕಾಗಿ ಬಂದ ದನಕ್ಕೂ ಉಂಟಂತೆ. ಸಾವಿರಾರು ದನ ಇರುವವರ ದೇಶ ಅದು, ನಮ್ಮದು ಮೂರು ಹಸುವಿನ ಸಂಸಾರ, ಅವರ ನಿಯಮವನ್ನು ಹಾಗೇ ತರಲು ಆಗದಿರಬಹುದು. ಆದರೆ ಬದುಕುಳಿದ ದನಕ್ಕೂ ನಷ್ಟ ಇರುತ್ತದೆ ಎಂಬ ತಿಳಿವಳಿಕೆ ಅಲ್ಲಿ ಕಾನೂನಿನಲ್ಲೇ ಬರೆದಿದೆ.

ಈಗ ನಮ್ಮ ಕೊಟ್ಟಿಗೆಯಲ್ಲಿ ಕೆಂಪಿ ಇದೆ, ಕರು ಹಾಕಿದ ಕಡಸು ಇದೆ, ಚುಕ್ಕಿಯೂ ಇದೆ. ನಮ್ಮ ಪಕ್ಕದ ಮಾಲೂರಿನ ಬಯೋವೆಟ್ ಕಂಪನಿ ಈ ರೋಗಕ್ಕೆಂದೇ ತಯಾರಿಸಿದ ಲಸಿಕೆಗೆ 2025ರ ಫೆಬ್ರುವರಿಯಲ್ಲಿ ಪರವಾನಗಿ ಸಿಕ್ಕಿತೆಂದು ಓದಿ ಸಮಾಧಾನವಾಯಿತು. ಕೊಟ್ಟಿಗೆಯ ನೆಲವನ್ನು ಎರಡು ಅಡಿ ಎತ್ತರಿಸಿದ್ದೇವೆ. ಕರು ಹುಟ್ಟಿದ ಕೂಡಲೇ ಫೋಟೊ ತೆಗೆದು ಡೇರಿ ಪುಸ್ತಕದಲ್ಲಿ ಬರೆಸುತ್ತೇನೆ.

ಹೋದ ಸಲದ ಸಂಘದ ಸರ್ವಸದಸ್ಯರ ಸಭೆಯಲ್ಲಿ ನಾನು ಎದ್ದು ಒಂದು ಮಾತು ಕೇಳಿದೆ. ದಿನಕ್ಕೆ ಎರಡು ಹೊತ್ತು ಯಾರು ಎಷ್ಟು ಲೀಟರು ಹಾಕಿದರು, ಫ್ಯಾಟ್ ಎಷ್ಟು ಎಂಬುದೆಲ್ಲ ಡೇರಿಯ ಯಂತ್ರದಲ್ಲೇ ಇದೆ. ನನ್ನ 2022ರ ಚೀಟಿಗಳನ್ನು ನಾನು ಇಟ್ಟುಕೊಂಡಿದ್ದೇನೆ. ಆಗಸ್ಟಿನಲ್ಲಿ ಎಷ್ಟಿತ್ತು, ಅಕ್ಟೋಬರಿನಲ್ಲಿ ಎಷ್ಟಾಯಿತು, ಡಿಸೆಂಬರಿನಲ್ಲಿ ಏನು ಉಳಿಯಿತು ಎಂದು ಯಾರು ಬೇಕಾದರೂ ಓದಬಹುದು. ಆಗದ ಕೆಲಸಕ್ಕೆ ಕಂಪನಿಗಳು ನಷ್ಟದ ಲೆಕ್ಕ ಕೊಟ್ಟ ಹಾಗೆ, ಬಾರದ ಹಾಲಿಗೆ ಈ ಚೀಟಿಯನ್ನೇ ನಮ್ಮ ಲೆಕ್ಕ ಎಂದು ಯಾಕೆ ತೆಗೆದುಕೊಳ್ಳಬಾರದು? ರೋಗವೋ ನೆರೆಯೋ ಬಂದಾಗ ಡಾಕ್ಟರು ಹೌದು ಎಂದು ಬರೆದರೆ, ಇಳಿದ ಲೀಟರಿನ ಮೇಲೆ ಅದೇ ತಿಂಗಳ ಬಟವಾಡೆಯಲ್ಲಿ ಒಂದಿಷ್ಟು ಸೇರಿಸಿ ಕೊಡಲಿ. ಪಹಣಿಯೂ ಬೇಡ, ಹೊಸ ಖಾತೆಯೂ ಬೇಡ, ಡೇರಿ ದುಡ್ಡು ಬರುವ ಖಾತೆ ಇದ್ದೇ ಇದೆ. ಅಧ್ಯಕ್ಷರು "ಇದು ನಮ್ಮ ಕೈಲಾಗೋದಲ್ಲ ಅಕ್ಕಾ, ಮೇಲಿಂದ ಆಗ್ಬೇಕು" ಅಂದರು. ಮೇಲಕ್ಕೇ ಬರೆಯಿರಿ ಅಂದೆ. ಹಿಂದಿನ ಬೀದಿಯವರೂ ಎದ್ದು ನಿಂತರು. ಕಾರ್ಯದರ್ಶಿ ನಿರ್ಣಯ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿದರು. ನಿರ್ಣಯದ ಪ್ರತಿ ಹಾಲು ಒಕ್ಕೂಟಕ್ಕೂ ಪಶುಪಾಲನಾ ಇಲಾಖೆಗೂ ಹೋಗಿದೆ, ಉತ್ತರ ಬಂದಿಲ್ಲ. ಮುಂದಿನ ಸಭೆಗೆ ನನ್ನ ಚೀಟಿಗಳ ಜೊತೆಗೆ, ಆ ವರ್ಷ ರೋಗ ಬಂದು ಬದುಕಿದ ಹಸುಗಳಿರುವ ಉಳಿದ ಮನೆಗಳ ಚೀಟಿಗಳನ್ನೂ ಸೇರಿಸುತ್ತಿದ್ದೇನೆ. ಮಗಳು ಎಲ್ಲವನ್ನೂ ಒಂದು ಪಟ್ಟಿ ಮಾಡುತ್ತಿದ್ದಾಳೆ.